ಗೋಧಿ ಹೊಲದಲ್ಲಿ ಉಪ್ಪು ಎದ್ದಿದೆ, ನೆಟ್ಟ ಗಿಡ ಕೈ ಹಿಡಿದಿಲ್ಲ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಇದು ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯ ಮಾತು. ಪರ್ತ್‌ನಿಂದ ಒಳನಾಡಿಗೆ ಹೋದರೆ ಸಿಗುವ ನಾರ್ದಮ್, ಮೆರೆಡಿನ್, ನ್ಯಾರೊಜಿನ್, ಕಟಾನಿಂಗ್ ಸುತ್ತಲಿನ ಮಳೆ ನಂಬಿದ ಜಮೀನುಗಳು. ಕರ್ನಾಟಕದಲ್ಲಿ ಕೃಷಿ ಓದಿ ಅಲ್ಲಿ ಕೆಲಸಕ್ಕೆ ಸೇರುವವರಿಗೆ ಮೊದಲ ವರ್ಷ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಇದೇ: 'ಇಲ್ಲಿ ಉಪ್ಪು ಬಂದಿದೆ, ಗಿಡ ನೆಟ್ಟೆವು, ಏನೂ ಆಗಲಿಲ್ಲ, ಯಾಕೆ?' ಉತ್ತರ ಹುಡುಕುವಾಗ ಒಂದು ಕ್ರಮ ಇಟ್ಟುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಇನ್ನೂ ನಾಲ್ಕು ಸಾಲು ಗಿಡ ನೆಟ್ಟು ಸುಮ್ನೆ ದುಡ್ಡು ಕಳೆಯುತ್ತೇವೆ, ಅಷ್ಟೇ.

ಉಪ್ಪು ಎಲ್ಲಿಂದ ಬಂತು

ಇಲ್ಲಿ ಕಾಲುವೆ ಇಲ್ಲ, ನೀರಾವರಿ ಇಲ್ಲ. ವರ್ಷಕ್ಕೆ 300ರಿಂದ 450 ಮಿಲಿಮೀಟರ್ ಮಳೆ, ಅದೂ ಹೆಚ್ಚಿನ ಪಾಲು ಮೇ ತಿಂಗಳಿಂದ ಅಕ್ಟೋಬರ್ ಒಳಗೆ, ಚಳಿಗಾಲದಲ್ಲಿ. ಸಮುದ್ರದ ಕಡೆಯಿಂದ ಬರುವ ಮಳೆ ಪ್ರತಿ ಸಲವೂ ಚೂರು ಉಪ್ಪು ತರುತ್ತದೆ. ಸಾವಿರಾರು ವರ್ಷ ಹೀಗೆ ಬಂದ ಉಪ್ಪು ಮಣ್ಣಿನ ಆಳದಲ್ಲಿ ಸೇರಿಕೊಂಡಿತ್ತು. ಆಗ ಅಲ್ಲಿದ್ದದ್ದು ವರ್ಷವಿಡೀ ಹಸಿರಾಗಿರುವ, ಆಳಕ್ಕೆ ಬೇರು ಬಿಡುವ ಮರ, ಪೊದೆ. ಬಿದ್ದ ಮಳೆಯನ್ನು ಅವು ಹೆಚ್ಚುಕಮ್ಮಿ ಪೂರ್ತಿ ಕುಡಿದು ಮುಗಿಸುತ್ತಿದ್ದವು. ಕೆಳಗೆ ಇಳಿಯಲು ನೀರೇ ಉಳಿಯುತ್ತಿರಲಿಲ್ಲ.

ಆಮೇಲೆ ಕಾಡು ಕಡಿದರು. 1960ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ಜಮೀನು ಅನ್ನುವುದು ಸರ್ಕಾರದ್ದೇ ಹೆಮ್ಮೆಯ ಘೋಷಣೆಯಾಗಿತ್ತು. ಮರದ ಜಾಗಕ್ಕೆ ಗೋಧಿ, ಬಾರ್ಲಿ, ಒಂದೇ ಋತು ಬದುಕುವ ಹುಲ್ಲು ಬಂತು. ಇವುಗಳ ಬೇರು ಗಿಡ್ಡ, ಬೇಸಿಗೆಯಲ್ಲಂತೂ ಹೊಲದಲ್ಲಿ ಒಣ ಕೂಳೆ ಮಾತ್ರ. ವರ್ಷಕ್ಕೆ ಹತ್ತಿಪ್ಪತ್ತು ಮಿಲಿಮೀಟರ್ ನೀರು ಬೇರು ದಾಟಿ ಕೆಳಗೆ ಜಾರಿದರೂ ಸಾಕು, ಕೆಲವು ದಶಕಗಳಲ್ಲಿ ಅಂತರ್ಜಲ ಮೇಲೇಳುತ್ತದೆ. ಜೊತೆಗೆ ಹಳೆಯ ಉಪ್ಪನ್ನೂ ಕರಗಿಸಿ ತರುತ್ತದೆ. ನೀರಿನ ಮಟ್ಟ ನೆಲದಿಂದ ಎರಡು ಮೀಟರ್ ಒಳಗೆ ಬಂತೆಂದರೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ಇದು ಯಾರಿಗೂ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಡಬ್ಲ್ಯು. ಇ. ವುಡ್ ಅನ್ನುವ ರೈಲ್ವೆ ಎಂಜಿನಿಯರ್ 1924ರಲ್ಲೇ ಬರೆದಿದ್ದರು, ಗಿಡಮರ ಕಡಿದಲ್ಲೆಲ್ಲ ಹೊಳೆಯ ನೀರು, ಮಣ್ಣು ಉಪ್ಪಾಗುತ್ತಿದೆ ಅಂತ. ಉಗಿಬಂಡಿಗೆ ಸಿಹಿನೀರು ಬೇಕಿತ್ತಲ್ಲ, ಹಾಗಾಗಿ ರೈಲ್ವೆಯವರ ಕಣ್ಣಿಗೆ ಇದು ಬೇಗ ಬಿತ್ತು. ಘೋಷಣೆ ಬಂದದ್ದು ಅದಾಗಿ ಸುಮಾರು ನಾಲ್ಕು ದಶಕದ ಮೇಲೆ!

ಮೊದಲ ಪ್ರಶ್ನೆ: ಇದು ಉಪ್ಪೇ ಹೌದಾ?

ಬೆಳೆ ಕುಂಠಿತವಾದ ಜಾಗವನ್ನೆಲ್ಲ ಉಪ್ಪಿನ ಲೆಕ್ಕಕ್ಕೆ ಬರೆಯಬೇಡಿ. ಬೋಳು ಬಿದ್ದ ಜಾಗ ದಿಬ್ಬದ ಮೇಲಿದೆಯೋ ತಗ್ಗಿನಲ್ಲಿದೆಯೋ ಮೊದಲು ನೋಡಿ. ದಿಬ್ಬದ ಮೇಲಿದ್ದರೆ ಹುಳಿ ಮಣ್ಣು ಇರಬಹುದು, ಅಥವಾ ನೀರನ್ನೇ ಹೀರದ ಮರಳು ಇರಬಹುದು. ಇವೆರಡೂ ಈ ಸೀಮೆಯಲ್ಲಿ ಜಾಸ್ತಿ. ತಗ್ಗಿನಲ್ಲಿದ್ದರೂ ಬರೀ ನೀರು ನಿಂತು ಬೆಳೆ ಹಳದಿಯಾಗಿರಬಹುದು.

ಕಳೆಗಳು ಅರ್ಧ ವಿಷಯ ಹೇಳಿಬಿಡುತ್ತವೆ. ಗೋಧಿ ತೆಳುವಾಗಿ ಕಾಡುಬಾರ್ಲಿ ಹುಲ್ಲು ದಟ್ಟವಾಗಿದ್ದರೆ ಉಪ್ಪು ಮಧ್ಯಮ ಮಟ್ಟದ್ದು. ಕೆಂಪು ಛಾಯೆಯ, ಎಲೆಯಿಲ್ಲದ, ಗಂಟುಗಂಟಾದ ರಸಭರಿತ ಸ್ಯಾಂಫೈರ್ ಗಿಡ ಬಂದಿದ್ದರೆ ಉಪ್ಪೂ ವಿಪರೀತ, ನೀರೂ ನಿಲ್ಲುತ್ತದೆ. ಅಲ್ಲಿ ಗೋಧಿ ಬಿತ್ತುವ ಯೋಚನೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಬಿಳಿ ಪುಡಿ ಕಾಣುವುದು ತೀರಾ ಕೊನೆಯ ಹಂತ. ಅದಕ್ಕಾಗಿ ಕಾಯಬಾರದು.

ಇನ್ನು ಅಳತೆ. ಒಂದು ಪಾಲು ಒಣ ಮಣ್ಣು, ಐದು ಪಾಲು ಡಿಸ್ಟಿಲ್ಡ್ ನೀರು. ಚೆನ್ನಾಗಿ ಕುಲುಕಿ, ತಿಳಿಯಾಗಲು ಬಿಟ್ಟು, ಇಸಿ ಮೀಟರ್ (ವಿದ್ಯುತ್ ವಾಹಕತೆ ಅಳೆಯುವ ಉಪಕರಣ, ಉಪ್ಪು ಜಾಸ್ತಿಯಾದಷ್ಟೂ ಅಂಕಿ ಜಾಸ್ತಿ) ಅದ್ದಿ. ಬಂದ ಅಂಕಿಯನ್ನು ಹಾಗೇ ನಂಬಬೇಡಿ, ಮಣ್ಣಿನ ಜಾತಿ ನೋಡಿ ಗುಣಿಸಬೇಕು: ಮರಳಿಗೆ ಸುಮಾರು 15, ಗೋಡುಮಣ್ಣಿಗೆ 10ರ ಹತ್ತಿರ, ಭಾರಿ ಜೇಡಿಗೆ 6ರ ಹತ್ತಿರ. ಹೀಗೆ ಬಂದದ್ದು ಮೀಟರಿಗೆ 4 ಡೆಸಿಸೀಮನ್ಸ್ (ವಾಹಕತೆಯ ಮಾನ) ದಾಟಿದರೆ ಆ ಮಣ್ಣನ್ನು ಉಪ್ಪುಮಣ್ಣು ಅನ್ನುತ್ತಾರೆ. ಗೋಧಿ ಸುಮಾರು 6ರಿಂದ ಇಳುವರಿ ಕಳೆದುಕೊಳ್ಳಲು ಶುರು ಮಾಡುತ್ತದೆ, ಬಾರ್ಲಿ ಸುಮಾರು 8ರಿಂದ. ಅಲ್ಲಿನ ಪ್ರಯೋಗಾಲಯದ ವರದಿಗಳಲ್ಲಿ ಮಿಲಿಸೀಮನ್ಸ್ ಲೆಕ್ಕವೂ ಇರುತ್ತದೆ. ಮೀಟರಿಗೆ 100 ಮಿಲಿಸೀಮನ್ಸ್ ಅಂದರೆ 1 ಡೆಸಿಸೀಮನ್ಸ್. ಈ ಅಳತೆ ಅದಲು ಬದಲಾದರೆ ಮುಂದಿನ ತೀರ್ಮಾನವೆಲ್ಲ ತಲೆಕೆಳಗು.

ಚಳಿಗಾಲದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಮೊಣಕಾಲುದ್ದದ ಗುಂಡಿ ತೋಡಿ, ನೀರು ಎಷ್ಟು ಮೇಲೆ ನಿಲ್ಲುತ್ತದೆ ನೋಡಿ. ಮೇಲಿನ 30 ಸೆಂಟಿಮೀಟರ್ ಒಳಗೆ ವಾರಗಟ್ಟಲೆ ನೀರು ನಿಂತರೆ, ಅದೇ ಪ್ರಮಾಣದ ಉಪ್ಪು ಎಷ್ಟೋ ಪಟ್ಟು ಜಾಸ್ತಿ ಹಾನಿ ಮಾಡುತ್ತದೆ. ಬೇರಿಗೆ ಗಾಳಿ ಸಿಗದಿದ್ದರೆ ಉಪ್ಪನ್ನು ಹೊರಗೆ ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ, ಉಪ್ಪು ನೇರ ಎಲೆಗೆ ಏರುತ್ತದೆ. ಉಪ್ಪುನೆಲದ ಮೇವು ಬೆಳೆಗಳ ಮೇಲೆ ದಶಕಗಳಿಂದ ಕೆಲಸ ಮಾಡಿರುವ ಎಡ್ ಬ್ಯಾರೆಟ್-ಲೆನಾರ್ಡ್ ಅವರು ಮತ್ತೆ ಮತ್ತೆ ಒತ್ತಿ ಹೇಳಿದ್ದೂ ಇದನ್ನೇ: ಉಪ್ಪು, ನಿಂತ ನೀರು ಎರಡನ್ನೂ ಒಟ್ಟಿಗೆ ನೋಡಬೇಕು.

ಎರಡನೆಯ ಪ್ರಶ್ನೆ: ನೀರು ಎಲ್ಲಿಂದ ಬರುತ್ತಿದೆ?

ಹೆಚ್ಚಿನವರು ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ಉಪ್ಪು ಕಾಣುವ ಜಾಗದಲ್ಲೇ ಗಿಡ ನೆಡುತ್ತಾರೆ. ಆದರೆ ಉಪ್ಪು ಕಾಣುವುದು ನೀರು ಹೊರಬರುವ ಕಡೆ, ದೋಷ ಇರುವುದು ನೀರು ಒಳಗೆ ಇಳಿಯುವ ಕಡೆ. ಎರಡರ ನಡುವೆ ನೂರು ಮೀಟರ್ ಇರಬಹುದು, ಹತ್ತಾರು ಕಿಲೋಮೀಟರೂ ಇರಬಹುದು.

ತಿಳಿಯಲು ಪೀಜೋಮೀಟರ್ ಹಾಕಿಸಿ. ಅಂದರೆ ತುದಿಯಲ್ಲಿ ಮಾತ್ರ ಸೀಳು ಇರುವ ಸಣ್ಣ ಪಿವಿಸಿ ಕೊಳವೆ. ಒಂದೇ ಜಾಗದಲ್ಲಿ ಎರಡು ಬೇಕು, ಒಂದು ಆಳಕ್ಕೆ, ಒಂದು ಮೇಲ್ಮಟ್ಟಕ್ಕೆ. ಟೇಪಿನ ತುದಿಗೆ ಬೋರಲು ಕಟ್ಟಿದ ಲೋಹದ ಪುಟ್ಟ ಬಟ್ಟಲು ಇಳಿಬಿಟ್ಟರೆ ನೀರಿಗೆ ತಾಕಿದಾಗ 'ಪ್ಲಪ್' ಅನ್ನುತ್ತದೆ, ಅಲ್ಲಿಗೆ ಅಳತೆ ಸಿಕ್ಕಿತು. ಆಳದ ಕೊಳವೆಯ ನೀರು ಮೇಲಿನದಕ್ಕಿಂತ ಎತ್ತರಕ್ಕೆ ನಿಂತಿದ್ದರೆ ಕೆಳಗಿನಿಂದ ಒತ್ತಡ ಇದೆ ಎಂದರ್ಥ, ನೀವು ನಿಂತಿರುವುದು ನೀರು ಹೊರಬರುವ ಜಾಗದಲ್ಲಿ. ಕೊಳವೆಯ ನೀರಿನ ಇಸಿಯನ್ನೂ ನೋಡಿ. ಅಗಲ ಕಣಿವೆಗಳ ತಳದಲ್ಲಿ ಅದು ಸಮುದ್ರದ ನೀರಿನಷ್ಟು ಅಥವಾ ಅದಕ್ಕೂ ಜಾಸ್ತಿ ಉಪ್ಪಾಗಿರುವುದು ಅಪರೂಪವಲ್ಲ. ಅಂಥ ನೀರನ್ನು ಯಾವ ಮರವೂ ಕುಡಿದು ಖಾಲಿ ಮಾಡಲಾರದು.

ಇಳಿಜಾರಿನ ಮಧ್ಯದಲ್ಲೇ ಒದ್ದೆ ಕಲೆ ಕಂಡರೆ ಖುಷಿಪಡಿ. ಮೇಲೆ ಆಳವಾದ ಮರಳು, ಕೆಳಗೆ ಜೇಡಿ. ಮರಳಿನಲ್ಲಿ ಇಂಗಿದ ನೀರು ಜೇಡಿಯ ಮೇಲೆ ಜಾರಿ ಹೊರಬರುತ್ತಿದೆ. ಈ ನೀರು ಬಹುಮಟ್ಟಿಗೆ ಸಿಹಿ, ಅದು ಇಂಗಿ ಬರುವ ಪ್ರದೇಶವೂ ಚಿಕ್ಕದು. ಒದ್ದೆ ಜಾಗಕ್ಕೆ ತುಸು ಮೇಲೆ, ಅಡ್ಡಲಾಗಿ ನೀಲಗಿರಿ ಸಾಲು ಹಾಕಿದರೆ ಕೆಲವೇ ವರ್ಷಗಳಲ್ಲಿ ಒಣಗುವುದುಂಟು. ಮೇಲಿನ ಮರಳಿನಲ್ಲಿ ಟಗಸಾಸ್ಟಿ ಅನ್ನುವ ಮೇವಿನ ಪೊದೆ ಚೆನ್ನಾಗಿ ಬರುತ್ತದೆ. ಬೆಳೆಗೆ ಬಾರದ ಮರಳಿನಲ್ಲಿ ದನಕ್ಕೆ ಮೇವು, ಕೆಳಗಿನ ಹೊಲಕ್ಕೆ ರಕ್ಷಣೆ.

ಇಳಿಜಾರಿನಲ್ಲಿ ನೆಟ್ಟಗೆ ಗೆರೆ ಎಳೆದಂತೆ ಉಪ್ಪು ನಿಂತಿದ್ದರೆ ಅಡಿಯಲ್ಲಿ ಡೋಲರೈಟ್ ಬಂಡೆಯ ಗೋಡೆ ಇರಬಹುದು. ಅದು ನೀರನ್ನು ತಡೆದು ಮೇಲಕ್ಕೆ ತಳ್ಳುತ್ತದೆ. ಇಲ್ಲೂ ಗಿಡ ಹಾಕಬೇಕಾದ್ದು ಗೋಡೆಯ ಮೇಲ್ಭಾಗಕ್ಕೆ.

ಕಷ್ಟದ್ದು ಕೊನೆಯದು: ಕಿಲೋಮೀಟರ್‌ಗಟ್ಟಲೆ ಅಗಲದ, ಇಳಿಜಾರೇ ಇಲ್ಲದಂಥ ಕಣಿವೆಗಳು. ನೀರು ಅಲ್ಲಿ ಅಲುಗಾಡುವುದೇ ಇಲ್ಲ ಅನ್ನಬಹುದು. ಇಂಥ ಕಡೆ ಜಲಾನಯನದ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಜಾಗವನ್ನು ಮರದಿಂದ ಮುಚ್ಚಿದರೆ ಮಾತ್ರ ಮಟ್ಟ ಗಣನೀಯವಾಗಿ ಇಳಿಯುತ್ತದೆ ಎಂದು ಜಲವಿಜ್ಞಾನಿಗಳ ಲೆಕ್ಕಗಳು ತೋರಿಸಿದವು. ಗೋಧಿ ಬೆಳೆದು ಬದುಕುವವರು ಅಷ್ಟು ಬಿಟ್ಟುಕೊಡುತ್ತಾರಾ? ಹಾಗಾಗಿ 'ನೂರು ಎಕರೆಯಲ್ಲಿ ಐದು ಎಕರೆ ನೆಟ್ಟೆ, ನೀರು ಇಳಿಯಲಿಲ್ಲ' ಅನ್ನುವ ದೂರಿನಲ್ಲಿ ಗಿಡದ ತಪ್ಪಿಲ್ಲ. ಇಲ್ಲಿ ಉಪ್ಪನ್ನು ಓಡಿಸುವ ಆಸೆ ಬಿಟ್ಟು, ಉಪ್ಪಿನ ಮೇಲೆ ಏನು ಬೆಳೆದರೆ ದುಡ್ಡು ಬರುತ್ತದೆ ಅಂತ ಕೇಳಬೇಕು.

ಇನ್ನೊಂದು ಎಚ್ಚರಿಕೆ. ನೈರುತ್ಯ ಭಾಗದಲ್ಲಿ 1970ರ ದಶಕದ ನಡುವಿನಿಂದ ಚಳಿಗಾಲದ ಮಳೆ ಕಡಿಮೆಯಾಗಿದೆ. ಕೊಳವೆಯಲ್ಲಿ ನೀರು ಇಳಿದರೆ ಅದು ನಿಮ್ಮ ಗಿಡದ ಪ್ರತಾಪವೋ ಮಳೆ ಬಾರದ ಫಲವೋ ತಿಳಿಯಲು, ಗಿಡ ಇಲ್ಲದ ಪಕ್ಕದ ಹೊಲದಲ್ಲೂ ಒಂದು ಕೊಳವೆ ಇರಲೇಬೇಕು.

ನೆಟ್ಟದ್ದು ಸಾಯುತ್ತಿದ್ದರೆ

ಕುದುರೆ ಮಸಾಲೆ ಈ ಸೀಮೆಯಲ್ಲಿ ನೀರು ಒಳಗೆ ಇಳಿಯುವ ಜಾಗಕ್ಕೆ ಹೇಳಿಮಾಡಿಸಿದ ಮೇವಿನ ಬೆಳೆ. ಅಲ್ಲಿ ಲೂಸರ್ನ್ ಅನ್ನುತ್ತಾರೆ. ಬೇರು ಮೂರು ಮೀಟರ್‌ಗೂ ಕೆಳಗೆ ಹೋಗುತ್ತದೆ, ಬೇಸಿಗೆಯ ಮಳೆಯನ್ನೂ ಬಿಡುವುದಿಲ್ಲ. ಮೂರ್ನಾಲ್ಕು ವರ್ಷ ಇಟ್ಟು ಕೆಳಗಿನ ಮಣ್ಣನ್ನು ಒಣಗಿಸಿ, ಮತ್ತೆ ಗೋಧಿಗೆ ಬರುವುದು ಪದ್ಧತಿ. ಒಣಗಿದ ಮಣ್ಣು ಪುನಃ ತುಂಬುವವರೆಗೆ ನೀರು ಕೆಳಗೆ ಸೋರುವುದಿಲ್ಲ, ಜೊತೆಗೆ ಸಾರಜನಕ ಬಿಟ್ಟಿ.

ಅದು ಸತ್ತರೆ ಮೊದಲು ಮಣ್ಣಿನ ಹುಳಿ ನೋಡಿ. ಕ್ಯಾಲ್ಸಿಯಂ ಕ್ಲೋರೈಡ್ ವಿಧಾನದಲ್ಲಿ ಪಿಎಚ್ 4.8ಕ್ಕಿಂತ ಕೆಳಗಿದ್ದರೆ ಬೇರು ಗಂಟುಗಳೇ ಸರಿಯಾಗಿ ಕಟ್ಟುವುದಿಲ್ಲ. ಮೇಲಿನ ಹತ್ತು ಸೆಂಟಿಮೀಟರ್ ಅಳೆದು ಸುಮ್ಮನಾಗಬೇಡಿ, ಅರ್ಧ ಮೀಟರ್ ಆಳದಲ್ಲೂ ಅಳೆಯಿರಿ. ಕೆಳಗೆ ಅಲ್ಯೂಮಿನಿಯಂ ಬೇರನ್ನು ತಡೆದಿದ್ದರೆ ಗಿಡ ಹಸಿರಾಗಿ ಕಂಡರೂ ನೀರು ಎಳೆಯುವ ಕೆಲಸ ಆಗುತ್ತಿರುವುದಿಲ್ಲ. ಸುಣ್ಣ ಹಾಕಬೇಕು, ಬಿತ್ತುವುದಕ್ಕೆ ವರ್ಷ ಮೊದಲೇ. ನೀರು ನಿಲ್ಲುವ ಕಡೆ, ಉಪ್ಪಿನ ಕಡೆ ಇದನ್ನು ಬಿತ್ತಲೇಬೇಡಿ.

ಹುಳಿ ಸರಿಯಿದ್ದೂ ಗಿಡ ತೆಳುವಾಗುತ್ತಿದ್ದರೆ ತಪ್ಪು ಮೇಯಿಸುವುದರಲ್ಲಿ. ಕುರಿಯನ್ನು ಇಡೀ ಋತು ಒಂದೇ ಹೊಲದಲ್ಲಿ ಬಿಟ್ಟರೆ ಹೊಸ ಚಿಗುರನ್ನು ಅದು ಉಳಿಸುವುದಿಲ್ಲ, ಬೇರಿನ ದಾಸ್ತಾನು ಮುಗಿದು ಗಿಡ ಸಾಯುತ್ತದೆ. ಹೊಲವನ್ನು ಭಾಗ ಮಾಡಿ. ವಾರದಿಂದ ಎರಡು ವಾರ ಮೇಯಿಸಿ, ಐದಾರು ವಾರ ಬಿಡಿ. ಬೇಲಿಗೆ ಖರ್ಚಾಗುತ್ತದೆ, ಹೌದು. ಬೇಲಿ ಹಾಕಲು ಮನಸ್ಸಿಲ್ಲದವರಿಗೆ ಕುದುರೆ ಮಸಾಲೆ ಬೇಡ ಅನ್ನುವುದೇ ನನ್ನ ಸಲಹೆ.

ಸಾಲ್ಟ್‌ಬುಷ್ ಇದಕ್ಕೆ ತದ್ವಿರುದ್ಧ, ಅದು ಉಪ್ಪು ಎದ್ದ ಜಾಗಕ್ಕೇ. ಬೂದು ಎಲೆಯ, ಆಳೆತ್ತರದ ಪೊದೆ. ನಾಟಿ ಸತ್ತಿದ್ದರೆ ಯಾವ ತಿಂಗಳು ನೆಟ್ಟಿರಿ ಅಂತ ಕೇಳಿಕೊಳ್ಳಿ. ಚಳಿಗಾಲದ ಮಳೆ ಮೇಲಿನ ಉಪ್ಪನ್ನು ತೊಳೆದು, ನಿಂತ ನೀರು ಇಳಿಯುವ ಆಗಸ್ಟ್–ಸೆಪ್ಟೆಂಬರ್ ಒಳ್ಳೆಯ ಕಾಲ. ಮಣ್ಣನ್ನು ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಮೊದಲ ಬೇಸಿಗೆ ಕಳೆದು ಗಿಡ ಗಟ್ಟಿಯಾಗುವವರೆಗೆ ಕುರಿ ಒಳಗೆ ಬರಬಾರದು. ಸ್ಯಾಂಫೈರ್ ಬೆಳೆದ ಜಾಗದಲ್ಲಿ ಹಾಕಿದ್ದರೆ ನಾಟಿಯದು ತಪ್ಪಲ್ಲ, ಜಾಗದ ಆಯ್ಕೆಯೇ ತಪ್ಪು. ಅದಕ್ಕೆ ಬೇಲಿ ಹಾಕಿ, ಸುಮ್ಮನೆ ಬಿಟ್ಟುಬಿಡಿ.

ಗಿಡ ಚೆನ್ನಾಗಿದೆ, ಕುರಿ ಸೊರಗುತ್ತಿದೆ ಅನ್ನುವ ದೂರೂ ಇದೆ. ಸಾಲ್ಟ್‌ಬುಷ್‌ನ ಒಣ ಎಲೆಯ ತೂಕದಲ್ಲಿ ಐದನೇ ಒಂದು ಭಾಗದಷ್ಟೋ ಅದಕ್ಕೂ ಜಾಸ್ತಿಯೋ ಬರೀ ಉಪ್ಪಿನಂಶ ಇರುತ್ತದೆ. ಪ್ರೋಟೀನ್ ಪರವಾಗಿಲ್ಲ, ವಿಟಮಿನ್ ಇ ಧಾರಾಳ, ಆದರೆ ಶಕ್ತಿ ಸಾಲದು. ಅದನ್ನೊಂದೇ ತಿಂದ ಕುರಿ ತೂಕ ಇಳಿಯುತ್ತದೆ. ಜೊತೆಗೆ ಕೂಳೆ, ಒಣಹುಲ್ಲು ಅಥವಾ ಒಂದಿಷ್ಟು ಕಾಳು ಬೇಕು. ಕುಡಿಯಲು ಸಿಹಿನೀರು ಬೇಕೇ ಬೇಕು. ಉಪ್ಪಿನ ಎಲೆ ತಿನ್ನಿಸಿ ಉಪ್ಪುನೀರನ್ನೇ ಕುಡಿಸಿದರೆ ಕುರಿ ಮೇಯುವುದನ್ನೇ ಬಿಡುತ್ತದೆ.

ಸಾಲುಗಳ ನಡುವಿನ ಅಗಲ ಇಲ್ಲಿ ಮುಖ್ಯ. ಪೊದೆಯನ್ನೇ ಒತ್ತೊತ್ತಾಗಿ ತುಂಬಿದವರು ಕೈ ಸುಟ್ಟುಕೊಂಡರು. ನಡುವೆ ಅಗಲ ಜಾಗ ಬಿಟ್ಟವರಿಗೆ ಒಂದು ಲಾಭ ಸಿಕ್ಕಿತು. ಪೊದೆ ನೀರು ಎಳೆದು ಮಟ್ಟವನ್ನು ಚೂರು ತಗ್ಗಿಸುತ್ತದೆ, ಮಳೆ ಮೇಲಿನ ಉಪ್ಪು ತೊಳೆಯುತ್ತದೆ, ಆ ನಡುವಿನ ಜಾಗದಲ್ಲಿ ಒಳ್ಳೆಯ ಹುಲ್ಲು, ದ್ವಿದಳ ಮೇವು ಬರುತ್ತದೆ. ಮೆಸ್ಸಿನಾ ಅನ್ನುವ ದ್ವಿದಳ ಮೇವಿನ 'ನೆಪ್ಚೂನ್' ತಳಿ ಇದಕ್ಕೆಂದೇ ಬಂದದ್ದು. ಉಪ್ಪು, ನಿಂತ ನೀರು ಎರಡನ್ನೂ ತಡೆಯುತ್ತದೆ. ಆದರೆ ಅದಕ್ಕೆಂದೇ ಆರಿಸಿದ ಉಪ್ಪು ಸಹಿಸುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಕೊಡುವ ಬ್ಯಾಕ್ಟೀರಿಯಾ) ಬೇಕು, ಮಾಮೂಲಿ ಪೊಟ್ಟಣ ಹಚ್ಚಿದರೆ ಎರಡನೇ ವರ್ಷ ಗಿಡ ಹಳದಿ. ಪೊದೆಯಲ್ಲೂ ಈಗ ಆಯ್ಕೆ ಇದೆ: ಕುರಿಗಳು ಇಷ್ಟಪಟ್ಟು ತಿನ್ನುವ, ಹೆಚ್ಚು ಜೀರ್ಣವಾಗುವ 'ಅನಮೇಕಾ' ತಳಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಮತ್ತು ಸಂಗಡಿಗರು ಆರಿಸಿ ಕೊಟ್ಟಿದ್ದಾರೆ.

ಗಿಡ ಬದುಕಿದೆ, ದುಡ್ಡು ಬರುತ್ತಿಲ್ಲ

ನನ್ನ ಪ್ರಕಾರ ಮುಖ್ಯ ದೋಷ ಇದು. 2001ರ ರಾಷ್ಟ್ರೀಯ ಲೆಕ್ಕಾಚಾರ ಆಸ್ಟ್ರೇಲಿಯಾದಲ್ಲಿ 57 ಲಕ್ಷ ಹೆಕ್ಟೇರ್ ಅಪಾಯದಲ್ಲಿದೆ ಅಂದಿತು, 2050ಕ್ಕೆ ಅದು 170 ಲಕ್ಷ ಆಗಬಹುದು ಅಂತಲೂ ಹೇಳಿತು. ಗಾಬರಿಯಾಗಿ ಗಿಡ ನೆಡಿಸುವ ಯೋಜನೆಗಳು ಬಂದವು. ಆದರೆ ಸಹಾಯಧನ ಕೊಟ್ಟು ನೆಡಿಸಿದ ನಾಲ್ಕು ಸಾಲಿನಿಂದ ಕಣಿವೆ ಒಣಗುವುದಿಲ್ಲ. ಸಾವಿರಾರು ಹೆಕ್ಟೇರ್ ಬೇಕು ಅಂದರೆ ಆ ಗಿಡ ತಾನೇ ಸಂಪಾದಿಸಬೇಕು. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡೇವಿಡ್ ಪ್ಯಾನೆಲ್ ವಾದಿಸಿದ್ದು ಇದನ್ನೇ. ಅದೇ 2001ರಲ್ಲಿ ಪರ್ತ್‌ನಲ್ಲಿ ಶುರುವಾದ, ಉಪ್ಪನ್ನು ಗಿಡಗಳ ಮೂಲಕ ನಿಭಾಯಿಸುವ ಸಹಕಾರಿ ಸಂಶೋಧನಾ ಕೇಂದ್ರ ಲಾಭ ಕೊಡುವ ಬಹುವಾರ್ಷಿಕ ಬೆಳೆಗಳನ್ನು ಹುಡುಕಲು ಹೊರಟದ್ದೂ ಅದಕ್ಕೇ. 2007ರಿಂದ ಮುಂದೆ ಅದರ ಕೆಲಸವನ್ನು ಫ್ಯೂಚರ್ ಫಾರ್ಮ್ ಇಂಡಸ್ಟ್ರೀಸ್ ಕೇಂದ್ರ ನಡೆಸಿತು.

ಹಾಗಾಗಿ ಲೆಕ್ಕದ ಪುಸ್ತಕ ತೆಗೆದು ಒಂದೊಂದನ್ನೂ ಕೇಳಿ. ಸಾಲ್ಟ್‌ಬುಷ್ ಹಾಕಿದ ಜಾಗ ಮೊದಲು ಎಷ್ಟು ಕೊಡುತ್ತಿತ್ತು? ಸೊನ್ನೆ ಆಗಿದ್ದರೆ ಬಂದದ್ದೆಲ್ಲ ಲಾಭವೇ. ಆ ಲಾಭ ಮಾರ್ಚ್–ಮೇ ತಿಂಗಳಲ್ಲಿ, ಕೂಳೆ ಮುಗಿದು ಮಳೆ ಬಾರದ ಹೊತ್ತಿನಲ್ಲಿ ಬರುತ್ತದೆ. ಆಗ ಕೊಂಡು ಹಾಕುವ ಕಾಳು ಎಷ್ಟು ಉಳಿಯಿತು ಅಂತ ನೋಡಬೇಕೇ ಹೊರತು, ಎಲೆ ಎಷ್ಟು ಟನ್ ಬಂತು ಅಂತಲ್ಲ. ವಸಂತದಲ್ಲಿ, ಎಲ್ಲ ಕಡೆ ಹುಲ್ಲಿರುವಾಗ ಸಾಲ್ಟ್‌ಬುಷ್ ಮೇಯಿಸುವವರು ತಮ್ಮ ಉಳಿತಾಯವನ್ನು ತಾವೇ ತಿಂದು ಹಾಕುತ್ತಿದ್ದಾರೆ.

ಮ್ಯಾಲಿ ನೀಲಗಿರಿಯ ಕಥೆ ಬೇರೆ. ಬುಡದಲ್ಲಿ ಕಡಿದರೂ ಚಿಗುರುವ ಗಿಡ, ಎಲೆಯಲ್ಲಿ ಎಣ್ಣೆ. 1990ರ ದಶಕದಿಂದ ಗೋಧಿ ಹೊಲಗಳ ನಡುವೆ ಪಟ್ಟಿ ಪಟ್ಟಿಯಾಗಿ ನೆಟ್ಟರು. ಎಣ್ಣೆ, ಇದ್ದಿಲು, ವಿದ್ಯುತ್ ಮೂರನ್ನೂ ತೆಗೆಯುವ ಪ್ರಾಯೋಗಿಕ ಘಟಕ ನ್ಯಾರೊಜಿನ್‌ನಲ್ಲಿ ಬಂತು. ಆದರೆ ಅದು ವಾಣಿಜ್ಯ ಮಟ್ಟಕ್ಕೆ ಬೆಳೆಯಲಿಲ್ಲ, ಕಡಿಯುವ ಮತ್ತು ಸಾಗಿಸುವ ಖರ್ಚಿನ ಪ್ರಶ್ನೆ ಹಾಗೇ ಉಳಿಯಿತು. ಇತ್ತ ಪಟ್ಟಿಯ ಎರಡೂ ಬದಿಯಲ್ಲಿ ಹತ್ತು ಮೀಟರ್‌ಗೂ ಆಚೆಯವರೆಗೆ ಗೋಧಿ ಇಳುವರಿ ಕುಸಿಯುತ್ತದೆ, ಕಡಿಯದೆ ಬಿಟ್ಟ ಮರ ಇನ್ನೂ ಜಾಸ್ತಿ ಕಸಿಯುತ್ತದೆ. ಮರದ ಪಟ್ಟಿಯ ಖರ್ಚು ಬರೆಯುವಾಗ ಈ ನಷ್ಟವನ್ನು ಮರೆಯಬೇಡಿ. ಇಂಗಾಲದ ಕ್ರೆಡಿಟ್‌ಗೆ (ಮರ ಹೀರಿಟ್ಟ ಇಂಗಾಲದ ಲೆಕ್ಕದಲ್ಲಿ ಸಿಗುವ, ಮಾರಬಹುದಾದ ಅಂಕ) ನೋಂದಾಯಿಸಿದ ನೆಡುತೋಪುಗಳಿಗೆ ಈಗ ಒಂದು ಆದಾಯವಿದೆ, ಆದರೆ ಅದಕ್ಕೆ ಮರ ದಶಕಗಳ ಕಾಲ ನಿಂತಿರಬೇಕು.

ಮಾರುಕಟ್ಟೆ ಕೂಡಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ್ದೇ ದಕ್ಷಿಣ ಕರಾವಳಿಯ ಡೆನ್ಮಾರ್ಕ್ ನದಿ ಇದೆ. ಮಳೆ ಜಾಸ್ತಿ ಇರುವ ಆ ಭಾಗದಲ್ಲಿ ಕಾಗದದ ತಿರುಳಿಗಾಗಿ ನೀಲಗಿರಿ ತೋಟಗಳು ಹಬ್ಬಿದವು, ನದಿಯ ಉಪ್ಪು ಇಳಿಯಿತು. ನೆಟ್ಟವರು ನದಿಗಾಗಿ ನೆಟ್ಟಿರಲಿಲ್ಲ, ಮರ ಮಾರಲು ನೆಟ್ಟಿದ್ದರು.

ನಮ್ಮವರ ಕಿವಿ ನೆಟ್ಟಗಾಗುವ ಬೆಳೆ ಶ್ರೀಗಂಧ. ಅಲ್ಲಿಯದು ಮೈಸೂರಿನ ಜಾತಿಯಲ್ಲ, ಅದರ ದಾಯಾದಿ, ಎಣ್ಣೆಯೂ ಕಡಿಮೆ ದರ್ಜೆಯದು. 1840ರ ದಶಕದಿಂದಲೂ ರಫ್ತಾಗುತ್ತಿದೆ. ಅದೂ ನಮ್ಮ ಗಂಧದ ಹಾಗೆ ಬೇರೆ ಗಿಡದ ಬೇರಿಗೆ ಬಾಯಿ ಹಾಕಿ ಬದುಕುತ್ತದೆ. ಅಲ್ಲಿ ಆಸರೆಗೆ ಜಾಮ್ ಅನ್ನುವ ಅಕೇಶಿಯ ಹಾಕುತ್ತಾರೆ. ಬೆಳೆ ಸೊರಗಿದ್ದರೆ ಆಸರೆ ಗಿಡ ನೋಡಿ, ತೊಂದರೆ ಬಹುತೇಕ ಅಲ್ಲೇ ಇರುತ್ತದೆ. ಉಪ್ಪುನೆಲಕ್ಕೆ ಇದು ಆಗುವುದಿಲ್ಲ, ಮೇಲಿನ ಒಳ್ಳೆಯ ಮಣ್ಣಿಗೆ ಮಾತ್ರ. ಇಪ್ಪತ್ತು ವರ್ಷಕ್ಕೂ ಮೇಲೆ ಕಾಯುವ ತಾಳ್ಮೆ ಬೇಕು.

ಚರಂಡಿ ತೋಡಿದರೆ ಆಗದಾ?

ಕೆಲವು ಕಡೆ ಆಗುತ್ತದೆ. ಆದರೆ ಉಪ್ಪುನೀರು ಎಲ್ಲಿಗೆ ಹೋಗಬೇಕು? ಪಕ್ಕದವರ ಹೊಲಕ್ಕೆ, ಕೆರೆಗೆ. ಉಪ್ಪಿನ ಸಮಸ್ಯೆಗಾಗಿ ಅಂತರ್ಜಲವನ್ನು ಹೊರಬಿಡುವ ಮುನ್ನ ಅಲ್ಲಿನ ಮಣ್ಣು ಸಂರಕ್ಷಣಾ ಆಯುಕ್ತರಿಗೆ 90 ದಿನ ಮೊದಲೇ ತಿಳಿಸಬೇಕೆಂಬ ನಿಯಮ ಇದೆ.

ತುಂಗಭದ್ರೆ, ಕೃಷ್ಣೆಯ ಕಡೆಯವರಿಗೆ

ಇದನ್ನು ಓದಿ ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಸಾಲ್ಟ್‌ಬುಷ್ ನೆಡಲು ಹೊರಡಬೇಡಿ. ನಮ್ಮ ಸವಳು-ಜವಳಿಗೂ ಕಾರಣ ಮೇಲೆದ್ದ ನೀರೇ, ಆದರೆ ಅದು ಬಂದದ್ದು ಕಾಲುವೆಯಿಂದ, ಭತ್ತದ ಗದ್ದೆಯಿಂದ, ಮುಚ್ಚಿಹೋದ ಬಸಿಗಾಲುವೆಯಿಂದ. ಕಪ್ಪು ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದೂ ಇಲ್ಲ. ಇಲ್ಲಿ ಮೊದಲು ನೀರು ಹಾಯಿಸುವುದನ್ನು ಹಿಡಿತಕ್ಕೆ ತಂದು, ನೆಲದೊಳಗೆ ರಂಧ್ರದ ಕೊಳವೆ ಹೂಳಿ ಬಸಿಯುವ ದಾರಿ ಮಾಡಬೇಕು. ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇದ್ದು ಕರ್ಲು ಆಗಿದ್ದರೆ ಜಿಪ್ಸಮ್ ಲೆಕ್ಕವೂ ಬೇಕು. ಎಷ್ಟು ಅನ್ನುವುದು ಮಣ್ಣು ಪರೀಕ್ಷೆ ಆದ ಮೇಲಿನ ಮಾತು. ಉಪ್ಪುಮಣ್ಣಿನ ಮೇಲೆಯೇ ಕೆಲಸ ಮಾಡುವ ಕೇಂದ್ರ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಮಣ್ಣು ಒಯ್ಯುವಾಗ ಮೇಲಿನದು, ಒಂದಡಿ, ಎರಡಡಿ, ಮೂರಡಿ ಆಳದ್ದನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ, ಚೆನ್ನಾಗಿ ಬೆಳೆದ ಪಕ್ಕದ ಮಡಿಯದ್ದನ್ನೂ ಜೊತೆಗೆ ಇಟ್ಟುಕೊಳ್ಳಿ.